ಕುಂದ್ರೂದು ಬ್ಯಾರೆ, ಬೈಠಕ್ ಬ್ಯಾರೆ

ಬೈಲಹೊಂಗಲದ ದವಾಖಾನೆಯ ಮೆಟ್ಟಿಲ ಬುಡದಲ್ಲಿ ಮಾಯವ್ವ ಕಣ್ಣಿನ ಔಷಧಕ್ಕಾಗಿ ಬೆಳಗಿನಿಂದ ಕುಕ್ಕರುಗಾಲಲ್ಲಿ ಕುಳಿತಿದ್ದಳು. ಮೇಲೆ ಕಟ್ಟೆಯಲ್ಲಿ ಶಾಲೆಯ ಮಾಸ್ತರರೂ ಗರಡಿಯ ವಸ್ತಾದ ಶಟ್ಟೆಪ್ಪನೂ ಜಗಳಕ್ಕೆ ಬಿದ್ದಿದ್ದರು. ಕಿವಿಗೇನೂ ರೋಗವಿರಲಿಲ್ಲವಲ್ಲ, ಕೇಳುತ್ತ ಕುಳಿತಳು.

“ಕ್ರಿಕೆಟ್ಟಿನಾಗ ಮೂರು ಕೋಲಿನ ಹಿಂದ ಕುಂತು ಚೆಂಡು ಹಿಡಿಯಾಂವ ರೀ ನಮ್ಮ ಸಾಲಿ ಹುಡುಗ ಸತ್ಯಪ್ಪ. ಮೈ ಸಡಲ ಮಾಡಿ, ಕುಂದ್ರೂದು ಕಲಿಸ್ರಿ ಅಂದಿದ್ದೆ,” ಎಂದರು ಮಾಸ್ತರರು.

“ಕಲಿಸೇನಲ್ರಿ! ದಿನಾ ಐನೂರು ಬೈಠಕ್ ಹೊಡಿಸೇನಿ.”

“ನಾ ಬೈಠಕ್ ಅಂದ್ನೇನ್ರಿ?”

“ಬೈಠಕ್ ಅಂದ್ರ ಕುಂದ್ರೂದ ಅಲ್ಲೇನ್ರಿ, ಮಾಸ್ತರ?”

“ಅದು ಕುಂತು ಏಳೂದು! ನನಗ ಬೇಕಾಗಿದ್ದು ಕುಂತಾಂವ ಕುಂತ ಇರೂದು. ಈಗ ತೊಡಿ ಕಲ್ಲಾಗ್ಯಾವ, ಮೊಣಕಾಲ ಮಡಚವಲ್ವು. ನಿಂತ ಹಿಡಿಯಾಕ ಹೋಗತಾನ, ಚೆಂಡು ಕಾಲ ಸಂದಿಲೆ ಹೊಂಟ ಹೋಗತೈತಿ.”

“ಆದ್ರ ಎಂಥಾ ತೊಡಿ ಕಟ್ಟೇನಿ, ನೋಡ್ರಿ!”

“ಆ ತೊಡಿ ತಗೊಂಡು ಏನ ಮಾಡ್ಲಿ? ನಾಳೆ ಧಾರವಾಡದವರು ಆಡಾಕ ಬರತಾರ.”

“ಎಣ್ಣಿ ಹಚ್ಚಿ ತಿಕ್ಕತೇನಿ.”

“ತಿಕ್ಕಿದ್ದು ಸಾಕು! ತಾಸಗಟ್ಲೆ ಕುಕ್ಕರಗಾಲಿಲೆ ಕುಂದ್ರಾವರು ಈ ಊರಾಗ ಒಬ್ಬರೂ ಇಲ್ಲೇನ್ರಿ?”

“ಯಾರದಾರ್ರಿ?”

ಅಷ್ಟರಲ್ಲಿ ಸತ್ಯಪ್ಪ ಡಾಕ್ಟರರಿಗೆ ಕಾಲು ತೋರಿಸಿ, ಗೋಡೆ ಹಿಡಿದುಕೊಂಡು ಒಳಗಿನಿಂದ ಬಂದ. ಇಬ್ಬರೂ ಹೆಗಲು ಕೊಟ್ಟು ಅವನನ್ನು ಮೆಟ್ಟಿಲು ಇಳಿಸಿದರು.

“ಸರೀಬೇ ಯವ್ವಾ, ಆಟಗಾರ ಬರಾಕತ್ಯಾನ,” ಎಂದ ವಸ್ತಾದ.

ಮಾಯವ್ವ ಏಳದೆ, ನೆಲಕ್ಕೆ ಕೈಯೂರದೆ, ಕುಕ್ಕರುಗಾಲಲ್ಲೇ ನಾಲ್ಕು ಹೆಜ್ಜೆ ಸರಿದು ಅವರಿಗೆ ದಾರಿ ಬಿಟ್ಟಳು.