ಕೆಳಗಿನ ಬ್ಲಾಕಿನ ಹಣ್ಣು

...ಅಲ್ಲ ತಂಗಮ್ಮ, ನಕ್ಷೆ ತಲೆಕೆಳಗೆ ಹಿಡ್ಕೊಂಡಿದ್ದೀಯ ನೋಡು! ಇತ್ಲಾಗೆ ತಿರುಗ್ಸು. ಹಾಂ... ಈಗ ಸರಿ. ಈ ನೀಲಿ ಬಳಿದಿದ್ದಾರಲ್ಲ, ಅದೇ ಹೊಸ ಪೂಲ್. ಶಾಲೆ ಮೈದಾನದ ಪಕ್ಕ. ಇದು ಸಣ್ಣ ಮಕ್ಕಳಿಗೆ, ಸೊಂಟದ ಮಟ್ಟ ಅಷ್ಟೇ ನೀರು. ಇದು ಬಟ್ಟೆ ಬದಲಾಯ್ಸೋ ಕೋಣೆ, ಹೆಣ್ಮಕ್ಕಳಿಗೆ ಬೇರೇನೇ. ಗೇಟಿನ ಮೇಲೆ ಎಂತ ಬರ್ಸ್ತೀವಿ ಗೊತ್ತಾ? ಓದು. ನಿಧಾನಕ್ಕೆ ಓದು... ‘ಮೋನಿಕಾ ಸ್ಮಾರಕ ಈಜುಕೊಳ’. ನಿನ್ನ ಮಗಳ ಹೆಸರು ಮಾರಾಯ್ತಿ! ಗೋಣಿಬೀಡಿಗೆ ಬರೋ ಬಸ್ಸಿನವ್ರೆಲ್ಲ ಓದ್ತಾರೆ.

ಅಳಬೇಡ. ಅಳು ಬಂದ್ರೆ ಅತ್ತುಬಿಡು, ತಡೀಬೇಡ. ಕೂತ್ಕೋ, ಈ ಕಟ್ಟೆ ಮೇಲೇ ಕೂತ್ಕೋ... ಯಾಕೆ ಹಿಂದೆ ಸರೀತೀಯ? ಒಣ ಪೂಲ್, ತರಗೆಲೆ ಬಿಟ್ರೆ ಎಂತದೂ ಇಲ್ಲ... ಅಯ್ಯೋ! ನನ್ನ ಬುದ್ಧಿಗಿಷ್ಟು. ಮಗಳು ಮುಳುಗಿದ ಅಂಚಲ್ಲೇ ನಿನ್ನ ಕೂರಿಸ್ತೀನಲ್ಲ ನಾನು. ಬೇಡ, ಬೇಡ. ನಿಂತೇ ಮಾತಾಡಣ. ಬೆನ್ನಿನ ಚೀಲನಾದ್ರೂ ಇಳ್ಸು. ನಮ್ಮ ತೋಟದ ಕಾಫಿ ಕುಯ್ಲಿಂದ ನೇರ ಬಂದಿದ್ದೀಯ, ಭಾರ ಇರುತ್ತೆ. ಮತ್ತೆ ನನ್ನ ಅಮ್ಮಾವ್ರೇ ಅನ್ನಬೇಡ. ಸುಶೀಲಕ್ಕ ಅನ್ನು. ಮಗಳು ಹೋದ್ಮೇಲೆ ನಿಂಗೆ ನಾನು ಅಕ್ಕನೇ.

ನೋಡು, ವಿಷ್ಯ ಇಷ್ಟೇ. ಇನ್ನೊಂದು ಗಳಿಗೆಗೆ ಸಮುದಾಯ ಭವನದಲ್ಲಿ ಮೀಟಿಂಗ್ ಶುರುವಾಗುತ್ತೆ. ಬೆಳೆಗಾರರೆಲ್ಲ ಬಂದಿದ್ದಾರೆ, ಪಂಚಾಯ್ತಿಯವ್ರೂ ಬಂದಿದ್ದಾರೆ. ಪೂಲ್ ಸಮಿತಿಗೆ ನಾನು ಅಧ್ಯಕ್ಷೆ ಹೌದು, ಆದ್ರೆ ನನ್ನ ಮಾತಿಗೆ ಹತ್ತು ಜನ ಹತ್ತು ಮಾತು ಸೇರಿಸ್ತಾರೆ. ನೀನು ಎದ್ದು ನಿಂತು ಒಂದೇ ಒಂದು ಮಾತು ಹೇಳಿದ್ರೆ ಸಾಕು. ‘ಹಳೇ ಪೂಲ್ ಮುಚ್ಚಿಬಿಡಿ, ನಂಗೆ ನೋಡಕ್ಕಾಗಲ್ಲ’ ಅಂತ. ಹೆತ್ತ ತಾಯಿ ಹಾಗಂದ್ಮೇಲೆ ಯಾರು ಎದುರಾಡ್ತಾರೆ? ನಾಳೆ ಬೆಳಿಗ್ಗೆ ಟಿಪ್ಪರಲ್ಲಿ ಮಣ್ಣು ಬರುತ್ತೆ. ಮಧ್ಯಾಹ್ನ ಹೊಸ ಜಾಗದಲ್ಲಿ ಗುದ್ದಲಿ ಪೂಜೆ. ಮೊದಲ ಗುದ್ದಲಿ ನೀನೇ ಹಾಕ್ಬೇಕು. ನಾನು ಎಲ್ಲರಿಗೂ ಹೇಳಿಯಾಯ್ತು.

ಎಂತ? ಮತ್ತೆ ಅದೇನಾ... ಬರೋ ತಿಂಗಳು ವರ್ಷ ತುಂಬುತ್ತೆ, ಇಲ್ಲೇ ಎಡೆ ಇಡಬೇಕು, ಅಲ್ಲೀವರೆಗೆ ಮುಚ್ಚಬಾರದು. ಅಲ್ಲ ಮಾರಾಯ್ತಿ, ಎಡೆ ಇಡಕ್ಕೆ ಗುಂಡೀನೇ ಬೇಕಾ? ಮಣ್ಣು ತುಂಬಿದ್ಮೇಲೆ ಅದರ ಮೇಲೆ ಇಡು! ಮೋನಿಗೆ ಇಷ್ಟ ಅಂತ ಅಕ್ಕಿರೊಟ್ಟಿ ಮಾಡ್ತೀಯಲ್ಲ, ನಾನೇ ಬೆಣ್ಣೆ ಕಳ್ಸ್ತೀನಿ. ಒಂದು ತಿಂಗಳು ಇದು ಹೀಗೇ ಬಿದ್ದಿರೋದು ಬೇಡ. ನಂಗೇ ಒಂಥರಾ ಆಗುತ್ತೆ, ಈ ಕಡೆ ಬಂದ್ರೆ.

ಆ ಇಂಜಿನಿಯರ್ ಶಶಿಧರ್ ಬೇರೆ! ಚಿಕ್ಕಮಗಳೂರಿಂದ ಬಂದ, ಟೇಪ್ ಹಿಡಿದು ಸುತ್ತ ತಿರುಗಿದ. ‘ಮೇಡಂ, ಇದನ್ನ ಮುಚ್ಚೋದು ಯಾಕೆ? ರಿಪೇರಿ ಮಾಡಣ’ ಅಂತಾನೆ. ನಾನಂದೆ, ಹೋದ ಬೇಸಿಗೆ ಪೂರ್ತಿ ಇದು ಸೋರಿದೆ ಕಣಪ್ಪ, ದಿನಾ ಗೇಣು ಗೇಣು ನೀರು ಇಳಿದು ಹೋಗ್ತಿತ್ತು ಅಂತ. ಅವನು ಮಂಡಿಯೂರಿ ಸುತ್ತ ನೋಡ್ತಾನೆ! ‘ಬಿರುಕೇ ಇಲ್ಲವಲ್ಲ ಮೇಡಂ. ಅಡಿಯ ಜಾಲರಿ ಕಿತ್ತು ಪೈಪ್ ಬಿಚ್ಚಿ ನೋಡಣ, ನೀರು ಎಲ್ಲಿಗೆ ಹೋಗ್ತಿತ್ತು ಗೊತ್ತಾಗುತ್ತೆ.’ ಎಂತ ನೋಡೋದು? ಮಗು ಸತ್ತ ಜಾಗ ಅದು. ಅಗೆಯೋದಂತೆ, ಬಿಚ್ಚೋದಂತೆ. ಮನುಷ್ಯರಿಗೆ ಮರ್ಯಾದೆ ಬೇಡ್ವಾ?

ನಮ್ಮ ಮಾವನವರು ಊರಿಗೆ ಅಂತ ಜಾಗ ಬಿಟ್ಟು ಕಟ್ಸಿದ ಪೂಲ್ ಇದು. ಮುಚ್ಚಕ್ಕೆ ನಂಗೇನು ಖುಷಿಯಾ? ಹೋದ ಬೇಸಿಗೆ ನೆನಪಿದೆಯಲ್ಲ ನಿಂಗೆ. ಕಾಫಿ ಹೂವಿನ ಮಳೆ ಒಂದು ಹನಿ ಬೀಳ್ಲಿಲ್ಲ. ನಮ್ಮ ಬಾವೀಲಿ ಕಪ್ಪೆಗೂ ನೀರಿರ್ಲಿಲ್ಲ. ಬೋರ್ ಕೊರ್ಸಿದ್ರೆ ಬರೀ ಧೂಳು. ಇಡೀ ಊರಲ್ಲಿ ನೀರು ಅಂತ ಇದ್ದದ್ದು ಈ ಪೂಲಲ್ಲಿ ಮಾತ್ರ. ಬೆಳೆಗಾರರೆಲ್ಲ ಬಂದು ನನ್ನ ಜಗಲಿ ಮೇಲೆ ಕೂತ್ರು. ‘ಸುಶೀಲಮ್ಮ, ಹೂ ಬಿಡೋ ಹೊತ್ತಿಗೆ ನೀರು ಬೀಳದೇ ಇದ್ರೆ ರೋಬಸ್ಟಾ ಕಾಯಿ ಕಟ್ಟಲ್ಲ. ಪೂಲಿನ ನೀರು ಎಲ್ಲರೂ ಹಂಚ್ಕೊಳಣ, ಸ್ಪ್ರಿಂಕ್ಲರ್ ಹಾಕಣ’ ಅಂತ. ನಾನು ಎಂತ ಅಂದೆ ಗೊತ್ತಾ? ‘ಮಕ್ಕಳ ನೀರನ್ನ ಕಾಫಿಗೆ ಬಿಡೋದಾ? ನಾಚಿಕೆ ಆಗಲ್ವಾ ನಿಮ್ಗೆ!’ ಎಲ್ಲ ತಲೆ ತಗ್ಗಿಸಿ ಹೋದ್ರು. ಈ ವರ್ಷ ಅವರ ತೋಟ ನೋಡು, ಬೋಳು ಗಿಡ. ಕುಯ್ಯಕ್ಕೆ ಹಣ್ಣೇ ಇಲ್ಲ. ಆದ್ರೂ ನನ್ನ ಮೇಲೆ ಒಬ್ರೂ ಬೇಜಾರು ಮಾಡ್ಕೊಂಡಿಲ್ಲ. ಊರಿಗೆ ಉಪಕಾರ ಅಂದ್ರೆ ಅದು.

ಯಾಕೆ ಹಾಗೆ ನೋಡ್ತೀಯ ನನ್ನ?

ಆ ಹುಡುಗಿ ಪಂಚಮಿ ಹೇಳಿದ್ಲಾ? ಯಾವಾಗ ಹೇಳಿದ್ಲು? ನೋಡು, ಅದು ಮಗು. ನಿನ್ನ ಮೋನಿ ಜೊತೆ ನೀರಲ್ಲಿ ಇದ್ದವಳು, ಹೆದರಿ ಹೋಗಿದ್ದಾಳೆ. ‘ನೀರೊಳಗೆ ಗುಂಯ್ ಅಂತ ಸದ್ದು ಬರ್ತಿತ್ತು, ಮೋನೀನ ಯಾರೋ ಅಡಿಗೆ ಎಳೆದ್ರು’... ನಂಗೂ ಹಾಗೇ ಹೇಳಿದ್ಲು. ನಾನೇನು ಸುಳ್ಳು ಅನ್ನಲ್ಲ. ಚೌಡಿ ಜಾಗ ಇದು ತಂಗಮ್ಮ. ಹಳಬರನ್ನ ಕೇಳು ಬೇಕಾದ್ರೆ. ಪೂಲ್ ಕಟ್ಟುವಾಗ ಚೌಡಿಗೆ ಕೊಡಬೇಕಾದ್ದು ಕೊಡ್ಲಿಲ್ಲ ನಮ್ಮ ಮಾವ, ಓದಿದವರು ನೋಡು. ಅದಕ್ಕೇ ಅಂದೆ, ಮುಚ್ಚಿಬಿಡಣ, ಇಲ್ಲೊಂದು ಕಲ್ಲು ನಿಲ್ಸಣ, ವರ್ಷಕ್ಕೊಂದು ಕೋಳಿ ಕೊಡಣ. ಚೌಡಿ ಎಳೆದ್ರೆ ಯಾರು ತಡೀತಾರೆ ಹೇಳು?

ಎಂತ... ನಾನು ಓಡಿದ್ದಾ?

ಅದನ್ನೂ ಹೇಳಿದ್ಲಾ ಆ ಹುಡುಗಿ! ‘ಸುಶೀಲಕ್ಕ ನೀರಿಗೆ ಹಾರ್ಲಿಲ್ಲ, ಮೊದ್ಲು ಕೆಳಗಿನ ಶೆಡ್ಡಿಗೆ ಓಡಿದ್ರು.’ ಹೌದು, ಓಡಿದೆ. ಹಗ್ಗಕ್ಕೆ ಓಡಿದೆ! ಹಗ್ಗ ಶೆಡ್ಡಲ್ಲಿರುತ್ತೆ. ಆಮೇಲೆ ಉಟ್ಟ ಸೀರೇಲೇ ಇಳಿದು ಎತ್ತಿದವಳು ಯಾರು? ಈ ಸುಶೀಲನೇ! ಬಾಯಿಗೆ ಬಾಯಿಟ್ಟು ಊದಿದೆ, ಎದೆ ಒತ್ತಿದೆ... ಪೊಲೀಸಿನವ್ರೂ ಬರ್ಕೊಂಡು ಹೋದ್ರು, ಕಾಲು ಜಾರಿ ಬಿದ್ದಿದ್ದು ಅಂತ. ಮುಗೀತಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳಕ್ಕೆ ನಾನೇನು...

ಬಿಡು. ಮೀಟಿಂಗಿಗೆ ಹೊತ್ತಾಯ್ತು. ಆ ಚೀಲ ಇತ್ಲಾಗೆ ಕೊಡು, ಯಾರಾದ್ರೂ ಹೊತ್ಕೊಂಡು... ಅಬ್ಬ! ಎಷ್ಟು ಭಾರ ಇದೆ ಇದು!

ತಂಗಮ್ಮ. ಇಷ್ಟು ಹಣ್ಣು ಎಲ್ಲಿ ಕುಯ್ದೆ?

ತೋಟದ ಮೇಲಿನ ಬ್ಲಾಕಲ್ಲಿ ಅಲ್ವಾ? ನಿನ್ನ ಮೇಲಿನ ಬ್ಲಾಕಿಗೆ ಹಾಕು ಅಂತ ಆಳುಗಳ ಲೆಕ್ಕ ಬರೆಯೋ ರೈಟರ್ ಹತ್ರ ನಾನೇ ಹೇಳಿದ್ದೆ. ಅಲ್ಲಿ ಗಿಡಕ್ಕೆ ನಾಲ್ಕು ಹಣ್ಣು, ಕಷ್ಟ ಇಲ್ಲ ಅಂತ... ಕೆಳಗಾ? ಈ ಪೂಲಿನ ಕೆಳಗಾ? ಯಾರು ಕಳ್ಸಿದ್ದು ನಿನ್ನ? ಅಲ್ಲಿಗೆ ಅಸ್ಸಾಮಿನ ಆಳುಗಳು ಮಾತ್ರ ಹೋಗ್ಬೇಕು ಅಂತ ಬಡ್ಕೊಂಡಿದ್ದೆ! ಓ... ಅವರು ಊರಿಗೆ ಹೋದ್ರಾ. ರೈಟರ್‌ಗೆ ಆಳು ಸಾಲಲಿಲ್ಲ. ಅದಕ್ಕೆ ನಿನ್ನ ಕಳ್ಸಿದ. ಅವನ ತಲೇಲಿ ಎಂತ ತುಂಬಿದೆ!

ಇರ್ಲಿ, ಇರ್ಲಿ. ಎಂತ ಇವಾಗ? ಆ ಬ್ಲಾಕಿನ ಮಣ್ಣೇ ಹಾಗೆ. ತಂಪು. ತೇವ ಹಿಡ್ಕೊಂಡಿರುತ್ತೆ. ಕೊಂಬೆ ಬಾಗೋಷ್ಟು ಕಾಯಿ ಬರುತ್ತೆ ಒಂದೊಂದು ವರ್ಷ, ನಮ್ಮ ಕೈಲಿಲ್ಲ ಅದು. ಹೂ ಬಿಡೋವಾಗ ಸ್ವಲ್ಪ ಬಾವಿ ನೀರು... ಬಾವಿ ಅಲ್ಲ... ಬೋರಿಂದು... ಏನೋ ಮಾಡಿ ಒಂದಿಷ್ಟು ಕೊಟ್ವಪ್ಪ. ಸೋರಿದ ನೀರು ತಾನಾಗೇ ಇಳಿದಿರ್ಲೂಬಹುದು! ಮೋಟರ್ ಇಟ್ಟೇ ಎಳೀಬೇಕು ಅಂತೇನಿಲ್ಲ...

ಎಂತ? ನಾನು ಮೋಟರ್ ಅಂದೆನಾ?

ತಂಗಮ್ಮ. ಶೆಡ್ ಕಡೆ ಎಂತ ನೋಡ್ತೀಯ? ಶೆಡ್ ಅದು, ಹಗ್ಗ ಇಡೋ ಶೆಡ್. ಜಡೆ ಯಾಕೆ ಹಿಡ್ಕೊಂಡೆ? ನಿನ್ನ ಜಡೆ ಯಾಕೆ ಹಾಗೆ ಹಿಡ್ಕೊಳ್ತೀಯ, ಬಿಡು ಅದನ್ನ! ಗೊತ್ತಾಯ್ತು, ಮತ್ತೆ ಅದೇ ಕೇಳ್ತೀಯ. ಮೋನಿಗೆ ಸ್ನಾನ ಮಾಡ್ಸುವಾಗ ಅರ್ಧ ಜಡೆ ಇರ್ಲಿಲ್ಲ ಅಂತ. ಎಷ್ಟು ಸಲ ಹೇಳ್ಲಿ? ಆಸ್ಪತ್ರೇಲಿ ಕತ್ತರಿಸಿರ್ತಾರೆ. ಕತ್ತರಿಸದೇ ಆಗ್ತಿರ್ಲಿಲ್ಲ ಮಾರಾಯ್ತಿ, ಮೋಟರ್ ನಿಂತ್ರೂ ಜಾಲರಿ ಬಿಡ್ತಿರ್ಲಿಲ್ಲ, ಎಷ್ಟು ಎಳೆದ್ರೂ...

ಬೈ ನನ್ನ. ಹೊಡಿ ಬೇಕಾದ್ರೆ. ಹಾಗೆ ನಿಲ್ಲಬೇಡ, ಕೈ ಮುಗೀತೀನಿ. ದಿನಾ ಬೆಳಿಗ್ಗೆ ಒಂದು ಗಂಟೆ ಹೊತ್ತು ಅಂತ ಮೋಟರ್ ಹಾಕ್ತಿದ್ದದ್ದು. ಆ ಭಾನುವಾರ ಮಕ್ಕಳು ಬೇಗ ಬಂದುಬಿಟ್ರು, ನಾನು ಆಫ್ ಮಾಡ್ಲಿಲ್ಲ. ಹೂ ಅಲ್ಲೇ ಒಣಗ್ತಿತ್ತು ತಂಗಮ್ಮ, ಇನ್ನು ಸ್ವಲ್ಪ ಹೊತ್ತು ನೀರು ಬಿದ್ದಿದ್ರೆ... ನಂಗೇನು ಗೊತ್ತು? ನಂಗೇನು ಗೊತ್ತಿತ್ತು ಹೇಳು? ನಾನೂ ನಿದ್ದೆ ಮಾಡಿಲ್ಲ ಈ ವರ್ಷ ಪೂರ್ತಿ.

ಹೊಸ ಪೂಲ್ ನೋಡು. ನಕ್ಷೆ ನೋಡು. ಹೆಸರು ಇಲ್ಲೇ ಇದೆ, ದೊಡ್ಡ ಅಕ್ಷರದಲ್ಲಿ... ನಕ್ಷೆ ಯಾಕೆ ಕೆಳಗೆ ಹಾಕ್ದೆ?

ಎಲ್ಲಿಗೆ? ಮೀಟಿಂಗಿಗಾ? ಇರು, ಒಟ್ಟಿಗೇ ಹೋಗಣ, ಒಟ್ಟಿಗೆ ಹೋದ್ರೆ ಚಂದ... ತಂಗಮ್ಮ, ಚೀಲ ಯಾಕೆ ಎತ್ಕೊಂಡೆ? ಅದನ್ನ ಇಲ್ಲೇ ಬಿಡು. ರೈಟರ್ ಬಂದು ತೂಕ ಹಾಕ್ಸ್ತಾನೆ. ಮೀಟಿಂಗಲ್ಲಿ ಹಣ್ಣಿನ ಚೀಲಕ್ಕೆ ಎಂತ ಕೆಲಸ? ಅಲ್ಲಿ ಎಲ್ಲ ಬೆಳೆಗಾರರೇ ಕೂತಿದ್ದಾರೆ. ಒಬ್ಬನ ಗಿಡದಲ್ಲೂ ಹಣ್ಣಿಲ್ಲ ಈ ವರ್ಷ, ನೋಡಿದ ತಕ್ಷಣ ಅವರಿಗೆ, ಪೂಲಿನ ನೀರು ಎಲ್ಲಿಗೆ ಹೋಯ್ತು ಅಂತ...

ತಂಗಮ್ಮ! ನೀನು ಏನೂ ಹೇಳ್ಬೇಡ, ಮುಚ್ಚಿ ಅಂತಾನೂ ಹೇಳ್ಬೇಡ, ಬಿಡು. ಎಡೆ ಇಲ್ಲೇ ಇಡು. ಇಲ್ಲೇ, ಈ ಅಂಚಲ್ಲೇ ಇಡು, ನಾನು ಅಡ್ಡ ಬರಲ್ಲ.

ಆ ಚೀಲ ಮಾತ್ರ ಇಟ್ಟು ಹೋಗು.