ಹಸಿ ಗೋಣಿ

ಮೇ ತಿಂಗಳು, ೧೯೮೯. ಗೋವಾದ ಮ್ಹಾಪಸಾ ಊರಿನ ಶುಕ್ರವಾರದ ಸಂತೆ ಮುಗಿಸಿ ಬಸ್ಸಿಗೆ ನಿಂತಿದ್ದೆ. ನನ್ನ ಮುಂದೆ ಸೊಪ್ಪು ಮಾರುವ ಇಬ್ಬರು ಉತ್ತರ ಕರ್ನಾಟಕದ ಹೆಂಗಸರು. ಚಿಕ್ಕವಳು ದೊಡ್ಡವಳ ಬುಟ್ಟಿಯೊಳಗೆ ಇಣುಕಿದಳು.

“ಫಕೀರವ್ವಕ್ಕ, ಮೆಂತೆಪಲ್ಲೆ ಎಲ್ಲಾ ಬಾಡೇತಲ್ಲ. ಮ್ಯಾಲೆ ಹೊದಿಸೂ ಹಸಿ ಗೋಣಿ ಎಲ್ಲಿ?”

“ಕೂಸಿಗೆ ಸುತ್ತಿ ದವಾಖಾನಿಗೆ ಕಳಿಸೇನಿ.”

“ಯಾರ ಕೂಸು?”

“ಯಾರದೋ. ಬಿಸಲಾಗ ನಿಲ್ಲಿಸಿದ್ದ ಕಾರಿನ್ಯಾಗ ಮಲಗಿಸಿ ಹೋಗಿದ್ರು. ಸಂತಿ ಗದ್ದಲಕ್ಕ ಎದ್ದೀತು ಅಂತ ಗ್ಲಾಸು ಪೂರಾ ಏರಿಸಿದ್ರು.”

“ಅಳ್ತಿತ್ತೇನು?”

“ಮೊದಲ ಅಳ್ತಿತ್ತು. ಸುಮ್ಮನಾತು ನೋಡು, ಆಗ ಓಡಿ ಹೋದೆ. ತೂಕದ ಕಲ್ಲು ತಗೊಂಡು ಗ್ಲಾಸು ಒಡದೆ. ಮೈ ಹಂಚಿನಂಗ ಸುಡಾಕತ್ತಿತ್ತು, ಒಂದು ಹನಿ ಬೆವರಿಲ್ಲ.”

“ಕಾರಿನವರು ಬೈಲಿಲ್ಲ?”

“ಅದರ ಅಪ್ಪ ಒದರಕೋತ ಬಂದ. ಕೂಸಿನ ಮಾರಿ ನೋಡಿ ನೆಲಕ್ಕ ಕುಂತ.”

“ಈಗ ಹೆಂಗೈತಿ?”

“ಹಾಲು ಕುಡೀತಂತ. ಒಯ್ದ ರಿಕ್ಷಾದವ ಬಂದು ಹೇಳಿದ.”

ಚಿಕ್ಕವಳು ಮತ್ತೆ ಆ ಬುಟ್ಟಿಗೆ ಕೈ ಹಾಕಿದಳು.

“ನನಗ ಎರಡು ಸೂಡು ಪಲ್ಲೆ ಕೊಡಕ್ಕ. ಮನ್ಯಾಗ ಹುಡುಗರಿಗೆ ಮಾಡಿ ಹಾಕ್ತೇನಿ.”

“ನಿನ್ನ ಬುಟ್ಟ್ಯಾಗ ತಾಜಾ ಅದಾವಲ್ಲ.”

“ಇರಲಿ. ಇವತ್ತ ಇವನ್ನ ಉಣ್ಣಲಿ.”

ಬಸ್ಸು ಬಂತು. ದೊಡ್ಡವಳ ಬುಟ್ಟಿಯನ್ನೂ ಚಿಕ್ಕವಳೇ ಎತ್ತಿಕೊಂಡು ಹತ್ತಿದಳು.