ಟೈಪಿಸ್ಟ್ ನುಂಗಿದ ಗೆರೆ

ಏಳನೇ ಮಹಡಿಯಲ್ಲಿ ಇರುವೆ ಆಕಳಿಸಿದರೆ ನೆಲಮಹಡಿಯಲ್ಲಿ ಕೂತ ನನಗೆ ನಿದ್ದೆ ಬರುತ್ತದೆ, ಅಂಥ ಕಿವಿ ನನ್ನದು. ಹಾಗಾಗಿ ಕಚೇರಿಯ ಲಿಫ್ಟ್ ನಡುವೆ ಕೆಟ್ಟು ಒಂದು ಯುಗ ನಿಂತಾಗ, ಜೊತೆಗೆ ಸಿಕ್ಕಿಬಿದ್ದ ಅಕ್ಕ-ತಮ್ಮನ ಪಿಸುಮಾತು ನನಗೆ ಗುಡುಗಿನಂತೆ ಕೇಳಿಸಿತು.

“ಎರಡು ಗಂಟೆಗೆ ನಿನ್ನ ಜಾಗಕ್ಕೆ ಬೇರೆಯವರನ್ನ ತಗೋತಾರಂತೆ. ಅರ್ಜೀಲಿ ಏನು ಬರೆದ್ಯೋ ಪುಣ್ಯಾತ್ಮ?”

“ರೀಸೈನ್ ಮಾಡ್ತೀನಿ ಅಂತ.”

“ಹಾಗಂದ್ರೆ ಕೆಲಸ ಬಿಡ್ತೀನಿ ಅಂತ ಕಣೋ!”

“ಇಲ್ಲಕ್ಕ, ರೀ ಅಂದ್ರೆ ಮತ್ತೆ, ಸೈನ್ ಅಂದ್ರೆ ಸಹಿ. ಇನ್ನೊಂದು ವರ್ಷದ ಕರಾರಿಗೆ ಮತ್ತೆ ಸಹಿ ಹಾಕ್ತೀನಿ ಅಂತ.”

“ಹಾಗಾದ್ರೆ ಮಧ್ಯೆ ಅಡ್ಡಗೆರೆ ಇರ್ಬೇಕು. ರೀ, ಗೆರೆ, ಸೈನ್. ಎಲ್ಲಿ ಗೆರೆ?”

“ನಾನು ಕೈಯಲ್ಲಿ ಬರೆದಾಗ ಇತ್ತು. ಟೈಪ್ ಮಾಡಿದೋನು ನುಂಗಿದಾನೆ. ನಾನೂ ಓದ್ದೆ ಸಹಿ ಹಾಕ್ಬಿಟ್ಟೆ.”

“ಅವನು ಬಂದು ಒಪ್ಕೊಂಡ್ರೆ ಮಾತ್ರ ನಿನ್ನ ಕೆಲಸ ಉಳಿಯುತ್ತೆ.”

ನಾನು ಗೋಡೆಗೆ ಅಂಟಿಕೊಂಡೆ. ಮೂರಡಿ ಡಬ್ಬಿಯಲ್ಲಿ ಓಡುವುದಾದರೂ ಎಲ್ಲಿಗೆ?

ಅಷ್ಟರಲ್ಲಿ ಲಿಫ್ಟ್ ಜಗ್ಗಿ ಮೇಲೇರಿತು, ಬಾಗಿಲು ತೆರೆಯಿತು. ಅಕ್ಕನ ಕಣ್ಣು ನನ್ನ ಐಡಿ ಕಾರ್ಡಿನ ‘ಟೈಪಿಸ್ಟ್’ ಮೇಲೆ ಬಿತ್ತು.

“ಸ್ವಾಮಿ, ನೀವೇನಾ?”

“ನಾನೇ ತಾಯಿ. ಪೆನ್ನು ಜಾರಿದ ಗುರುತು ಅಂದ್ಕೊಂಡು ಬಿಟ್ಬಿಟ್ಟೆ. ಆ ಪದಕ್ಕೆ ಎರಡು ಅರ್ಥ ಇದೆ ಅಂತ ನನಗೂ ಈಗಲೇ ಗೊತ್ತಾಗಿದ್ದು. ನಡೀರಿ, ಮ್ಯಾನೇಜರ್ ಹತ್ರ ಹೇಳ್ತೀನಿ.”